ಬಳ್ಳಾರಿಯಿಂದ ಮಾಲ್ಡೀವ್ಸ್ ಪ್ಯಾಕೇಜ್: ಹೋಗಿ ಬಂದ ಮೇಲೆ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಊಟದ ವಿಷಯಕ್ಕೆ.

ರಾಯಲ್ ಸರ್ಕಲ್ ಹತ್ತಿರದ ಈ ಟ್ರಾವೆಲ್ಸ್‌ನವರು ಮಾಲ್ಡೀವ್ಸ್‌ಗೆ ಕಳಿಸುತ್ತಾರೆ ಅಂತ ಗೊತ್ತಾದಾಗ ನಮ್ಮ ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. 2024ರ ಜನವರಿಯಲ್ಲಿ ಅಲ್ಲಿನ ಉಪಮಂತ್ರಿಗಳು ನಮ್ಮ ಪ್ರಧಾನಿ ಬಗ್ಗೆ ಹಗುರವಾಗಿ ಆಡಿದ ಮಾತು ಎಲ್ಲರಿಗೂ ನೆನಪಿದೆ ಅಲ್ವಾ. 2023ರಲ್ಲಿ ನಮ್ಮ ದೇಶದಿಂದ 2 ಲಕ್ಷಕ್ಕೂ ಜಾಸ್ತಿ ಜನ ಅಲ್ಲಿಗೆ ಹೋಗಿದ್ದರು, ಮರುವರ್ಷ ಅದು ಸುಮಾರು 1.3 ಲಕ್ಷಕ್ಕೆ ಇಳಿಯಿತು. ಪೆಟ್ಟು ಬಿದ್ದ ಮೇಲೆ ಅವರ ಅಧ್ಯಕ್ಷ ಮೊಹಮದ್ ಮುಯಿಝು ಅವರೇ 2024ರ ಅಕ್ಟೋಬರ್‌ನಲ್ಲಿ ಬಂದರು. ದೆಹಲಿ, ಆಗ್ರಾ, ಮುಂಬೈ ಮುಗಿಸಿ ಬೆಂಗಳೂರಿಗೂ ಬಂದು ವ್ಯಾಪಾರಸ್ಥರ ಜೊತೆ ಕೂತರು. ಬೆಂಗಳೂರಿನಲ್ಲಿ ಮಾಲ್ಡೀವ್ಸ್ ಕಾನ್ಸುಲೇಟ್ ತೆರೆಯುವ ಮಾತೂ ಆಯಿತು. ಆಮೇಲೆ 2025ರ ಜುಲೈನಲ್ಲಿ ಮೋದಿಯವರು ಅಲ್ಲಿನ ಸ್ವಾತಂತ್ರ್ಯದ 60ನೇ ವರ್ಷಕ್ಕೆ ಅತಿಥಿಯಾಗಿ ಹೋದರು. "ದೊಡ್ಡೋರೇ ಕೂತು ಮಾತಾಡಿಕೊಂಡ್ರು, ನಮ್ದೇನೈತಿ, ನಡೀರಿ" ಅಂದರು ಅಪ್ಪ.

ದೊಡ್ಡವರು ಕರೆದರು, ಸರಿ. ಆದರೆ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದ ಅಪ್ಪ ಅಮ್ಮನಿಗೆ ಯಾವುದಕ್ಕೆ ಎಷ್ಟು ಅಂತ ಕನ್ನಡದಲ್ಲಿ ಬಿಡಿಸಿ ಹೇಳೋರು ಯಾರು? ಈ ಕೆಲಸವನ್ನು ಇಲ್ಲಿನ ಮೇಡಂ ಎಷ್ಟು ಚೆನ್ನಾಗಿ ಮಾಡಿದರು ಅಂದರೆ, ನಾನು ಈ ರಿವ್ಯೂ ಬರೆಯುತ್ತಿರುವುದೇ ಅದಕ್ಕೆ. ಕೊಟೇಶನ್ ಹಾಳೆಯನ್ನು ಮಗುಚಿ ಹಿಂದೆ ಪೆನ್ನಿನಲ್ಲಿ ಬರೆದು ತೋರಿಸಿದರು. ವೀಸಾ ಅಲ್ಲಿ ಇಳಿದ ಮೇಲೆ ಪುಕ್ಕಟೆ. ಅಲ್ಲಿ ಉಳಿಯುವ ಪ್ರವಾಸಿಗರಿಗೆ ಹಾಕುವ ಗ್ರೀನ್ ಟ್ಯಾಕ್ಸ್ 2025ರ ಜನವರಿಯಿಂದ ಡಬಲ್ ಆಗಿದೆ, 50 ರೂಮಿನೊಳಗಿನ ಗೆಸ್ಟ್‌ಹೌಸ್ ಆದರೆ ಒಬ್ಬರಿಗೆ ಒಂದು ರಾತ್ರಿಗೆ 6 ಡಾಲರ್, ರೆಸಾರ್ಟ್ ಆದರೆ 12. ವಾಪಸ್ ಬರುವಾಗಿನ ಡಿಪಾರ್ಚರ್ ಟ್ಯಾಕ್ಸ್ ಎಕಾನಮಿಗೆ 50 ಡಾಲರ್, ಅದು ಟಿಕೆಟ್‌ನಲ್ಲೇ ಬರುತ್ತದೆ. ಏರ್‌ಪೋರ್ಟಿನಿಂದ ದ್ವೀಪಕ್ಕೆ ಸ್ಪೀಡ್‌ಬೋಟ್ ಬೇರೆ. ಪ್ಯಾಕೇಜಿನಲ್ಲಿ ಸೇರಿದ್ದಕ್ಕೆ ಟಿಕ್, ಸೇರದಿದ್ದಕ್ಕೆ ಇಂಟು. ಇದಕ್ಕೂ ಮೊದಲು ವಿಚಾರಿಸಿದ ಇನ್ನೊಂದು ಕಡೆ ರೇಟು ಕಡಿಮೆ ಹೇಳಿದ್ದರು, ಟ್ಯಾಕ್ಸ್ ಬಗ್ಗೆ ಒಂದು ಮಾತಿಲ್ಲ.

ಹೊರಡುವ ಮೊದಲು ಇಮುಗಾ ಅಂತ ಒಂದು ಆನ್‌ಲೈನ್ ಫಾರಂ ತುಂಬಬೇಕು, ವಿಮಾನಕ್ಕೆ 96 ಗಂಟೆಯ ಒಳಗೆ. ಸರ್ಕಾರಿ ಸೈಟಿನಲ್ಲಿ ಅದಕ್ಕೆ ದುಡ್ಡಿಲ್ಲ, ಇವರೂ ತಗೊಳ್ಳಲಿಲ್ಲ, ಅಂಗಡಿಗೆ ಕರೆಸಿ ಎದುರಿಗೇ ತುಂಬಿಸಿದರು. ಪೂಜೆಯ ಮೂರ್ತಿ, ಮದ್ಯ, ಹಂದಿ ಮಾಂಸ ಒಯ್ಯುವಂತಿಲ್ಲ ಅಂತಲೂ ಮುಂಚೆಯೇ ಹೇಳಿದರು. ಅಮ್ಮ ಎಲ್ಲಿಗೆ ಹೋದರೂ ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಸಣ್ಣ ಆಂಜನೇಯನನ್ನು ಮನೆಯ ಜಗಲಿ ಮೇಲೇ ಬಿಟ್ಟು ಬಂದರು. ಈ ಮಾತು ಮಾಲೆ ಏರ್‌ಪೋರ್ಟಿನಲ್ಲಿ ಗೊತ್ತಾಗಿದ್ದರೆ ಅವರಿಗೆ ಎಷ್ಟು ಸಂಕಟ ಆಗುತ್ತಿತ್ತೋ.

ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು, ಅಲ್ಲಿಂದ ವಿಮಾನ. ಉಳಿಸಿದ್ದು ಮಾಫುಶಿ ದ್ವೀಪದ ಗೆಸ್ಟ್‌ಹೌಸ್‌ನಲ್ಲಿ. ರೂಮು ಸಣ್ಣದು, ಆದರೆ ಶುಚಿ. ಸಮುದ್ರದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಫೋಟೋದಲ್ಲಿ ಇರುವಂತೆಯೇ ಇದೆ.

ಊಟ. "ಇಂಡಿಯನ್ ವೆಜ್ ಆರಾಮಾಗಿ ಸಿಗುತ್ತೆ" ಅಂದಿದ್ದರು. ಬೆಳಗಿನ ತಿಂಡಿಗೆ ಬಂದದ್ದು ಮಸ್ ಹುನಿ, ಅಂದರೆ ಟ್ಯೂನಾ ಮೀನು, ಕೊಬ್ಬರಿ, ಈರುಳ್ಳಿ ಕಲಸಿದ್ದು, ಜೊತೆಗೆ ರೋಶಿ ಅನ್ನೋ ಚಪಾತಿ. ಅಮ್ಮ ರೋಶಿ ಮಾತ್ರ ತಗೊಂಡು, ಮನೆಯಿಂದ ತಂದ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದರು. ನಾವು ಕೇಳಿಕೊಂಡ ಮೇಲೆ ಅಡುಗೆಯವನು ಬೇರೆ ಪಾತ್ರೆಯಲ್ಲಿ ಬೇಳೆ ಮಾಡಿಕೊಟ್ಟ, ಪಾಪ. ಆದರೆ ಇದನ್ನು ಬುಕ್ ಮಾಡುವಾಗಲೇ ಟ್ರಾವೆಲ್ಸ್‌ನವರು ಫೋನಿನಲ್ಲಿ ಖಚಿತ ಮಾಡಿಕೊಳ್ಳಬೇಕಿತ್ತು. ಇನ್ನೊಂದು, ಊರು ಸುತ್ತುವುದನ್ನು ಶುಕ್ರವಾರ ಮಧ್ಯಾಹ್ನಕ್ಕೆ ಇಟ್ಟಿದ್ದರು. ಆ ಹೊತ್ತಿಗೆ ನಮಾಜ್, ಅಂಗಡಿಗಳೆಲ್ಲ ಬಾಗಿಲು. ದುಡ್ಡು ಡಾಲರ್ ನಗದಲ್ಲೇ ಇಟ್ಟುಕೊಳ್ಳಿ. ಮುಯಿಝು ಅವರ ಭೇಟಿ ವೇಳೆಗೆ ಅಲ್ಲಿ ರೂಪೇ ಕಾರ್ಡ್ ಶುರುವಾಗಿದೆ, ಆದರೆ ನಾವು ಕೇಳಿದ ಅಂಗಡಿಯಲ್ಲಿ ತಗೊಳ್ಳಲಿಲ್ಲ.

ಅಪ್ಪನಿಗೆ ಜಾಸ್ತಿ ಇಷ್ಟವಾಗಿದ್ದು ಸಮುದ್ರಕ್ಕಿಂತ ಒಂದು ದಿನಸಿ ಅಂಗಡಿ! ಎಪಿಎಂಸಿಯಲ್ಲಿ ಅಡತ್ ಅಂಗಡಿ ನಡೆಸಿದವರು ಅವರು. ಮೂಲೆಯಲ್ಲಿ ಒಟ್ಟಿದ್ದ ಈರುಳ್ಳಿ ಚೀಲದ ಹತ್ತಿರ ಹೋಗಿ, ಬಾಯಿಯ ಹೊಲಿಗೆ ಸವರಿ, ಜಾಳಿಗೆಯೊಳಗೆ ಬೆರಳು ತೂರಿಸಿ ಒಂದು ಗಡ್ಡೆ ಒತ್ತಿ ನೋಡಿ, "ನಮ್ಮ ಕಡೆ ಮಾಲು" ಅಂದರು. ಅಂಗಡಿಯವನು ಹಿಂದಿಯಲ್ಲಿ, ತೂತುಕುಡಿಯಿಂದ ಹಡಗಿನಲ್ಲಿ ಬರುತ್ತದೆ ಅಂದ. ಎರಡೂ ದೇಶಗಳ 1981ರ ವ್ಯಾಪಾರ ಒಪ್ಪಂದದ ಪ್ರಕಾರ ನಮ್ಮ ಸರ್ಕಾರ ಅವರಿಗೆ ಅಂತಲೇ ಪ್ರತಿ ವರ್ಷ ರಫ್ತಿನ ಕೋಟಾ ಇಡುತ್ತದೆ. 2024-25ಕ್ಕೆ ಅಕ್ಕಿ 1.24 ಲಕ್ಷ ಟನ್, ಈರುಳ್ಳಿ 35 ಸಾವಿರ ಟನ್‌ಗೂ ಜಾಸ್ತಿ, ಮೊಟ್ಟೆ 42 ಕೋಟಿಗೂ ಮೇಲೆ. ಜಗಳ ಜೋರಾಗಿದ್ದ ಆ ವರ್ಷವೂ ನಿಲ್ಲಿಸಲಿಲ್ಲ, ಇನ್ನೂ ಹೆಚ್ಚು ಮಾಡಿದರು. ಸೋನಾ ಮಸೂರಿ ಬೆಳೆಯುವ ನಮ್ಮ ಕಡೆಯವರಿಗೆ ಇದು ಗೊತ್ತಿರಬೇಕು.

ಗೆಸ್ಟ್‌ಹೌಸ್ ಮಾಲೀಕರಿಗೆ ಬೆಂಗಳೂರು ಚೆನ್ನಾಗಿ ಗೊತ್ತು. ಅವರ ತಾಯಿಯ ಆಪರೇಷನ್ ಆಗಿದ್ದು ಅಲ್ಲೇ. ಅಲ್ಲಿನ ಎಷ್ಟೋ ಜನ ಚಿಕಿತ್ಸೆಗೆ ಕೇರಳಕ್ಕೆ, ಬೆಂಗಳೂರಿಗೆ ಬರುತ್ತಾರಂತೆ. ಕಾನ್ಸುಲೇಟ್ ಬಂದರೆ ಕಾಗದಪತ್ರಕ್ಕೆ ಓಡಾಡೋದು ತಪ್ಪುತ್ತದೆ ಅಂತ ಅವರಿಗೆ ತುಂಬಾ ಖುಷಿ. ಹಂಪಿ ನೋಡಿದ್ದೀರಾ ಅಂತ ಕೇಳಿದೆ. ಹೆಸರೇ ಕೇಳಿರಲಿಲ್ಲ. ತಿಂಗಳುಗಟ್ಟಲೆ ಆಸ್ಪತ್ರೆ ಪಕ್ಕ ರೂಮು ಮಾಡಿಕೊಂಡು ಇರುವವರಿಗೆ ಒಂದು ರಾತ್ರಿ ರೈಲಿನ ದೂರದಲ್ಲಿ ವಿಶ್ವ ಪರಂಪರೆಯ ತಾಣ ಇದೆ ಅಂತ ಹೇಳೋರಿಲ್ಲ. ಅವರ ಅಧ್ಯಕ್ಷರು ಬಂದು ತಮ್ಮ ದೇಶಕ್ಕೆ ಜನ ಕರೆದುಕೊಂಡು ಹೋದರು, ನಮ್ಮ ಹಂಪಿ, ಆನೆಗೊಂದಿ ಬಗ್ಗೆ ನಾವು ಅಲ್ಲಿ ಯಾರಿಗೆ ಹೇಳಿದ್ದೇವೆ? ಫೋನಿನಲ್ಲಿದ್ದ ಕಲ್ಲಿನ ರಥದ ಫೋಟೋ ತೋರಿಸಿದೆ, ತಮ್ಮ ಮೊಬೈಲಿಗೆ ಹಾಕಿಸಿಕೊಂಡರು.

ಬಂದ ಮೇಲೆ ಮೇಡಂ ಹತ್ತಿರ ಇಷ್ಟನ್ನೂ ಹೇಳಿದೆ. ವೆಜ್ ಊಟದ್ದು ಇನ್ನು ಮೇಲೆ ಬರವಣಿಗೆಯಲ್ಲೇ ತಗೊಳ್ಳುತ್ತೇವೆ ಅಂದರು. ಗೆಸ್ಟ್‌ಹೌಸ್‌ನವರ ನಂಬರು ಕೊಟ್ಟು, ಬೆಂಗಳೂರಿಗೆ ಬರುವ ಅವರ ಕಡೆಯವರಿಗೆ ಒಂದು ಹಂಪಿ ಪ್ಯಾಕೇಜ್ ಮಾಡಿ ಅಂದೆ. ಮಾತಾಡುತ್ತೇನೆ ಅಂದಿದ್ದಾರೆ. ನೀವು ಹೋಗುವುದಾದರೆ ಶುಕ್ರವಾರ ಅಲ್ಲಿ ಇಳಿಯದ ಹಾಗೆ ತಾರೀಖು ಕೇಳಿ, ರೊಟ್ಟಿ ಚಟ್ನಿಪುಡಿ ಕಟ್ಟಿಕೊಳ್ಳಿ.