ಕಲಬುರಗಿಯಿಂದ ಬಿಡದಿಯ ವಂಡರ್‌ಲಾಗೆ: ಆರುನೂರು ಕಿಲೋಮೀಟರಿನ ದಾರಿ ಸಾರ್ಥಕವೇ?

"ಹೈದರಾಬಾದ್ ಇಲ್ಲೇ ಅದಲ್ರೀ, ಅಲ್ಲೂ ವಂಡರ್‌ಲಾ ಅದ. ಅದನ್ನ ಬಿಟ್ಟು ಬೆಂಗಳೂರು ತನಕ ಯಾಕ ಹೊಂಟೀರಿ?" ದಸರಾ ರಜೆಗೆಂದು ನಾವು ರೈಲಿನ ಟಿಕೆಟ್ ಕಾಯ್ದಿರಿಸಿದ ದಿನ ಕಲಬುರಗಿಯ ನಮ್ಮ ಪಕ್ಕದ ಮನೆಯವರು ಕೇಳಿದ ಈ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಮನೆಯಿಂದ ಹೈದರಾಬಾದಿನ ಪಾರ್ಕಿಗೆ ಸುಮಾರು 250 ಕಿ.ಮೀ., ಬಿಡದಿಯ ಪಾರ್ಕಿಗೆ ಸುಮಾರು 600 ಕಿ.ಮೀ. ಎರಡೂ ಒಂದೇ ಕಂಪನಿಯವು, ಎರಡರಲ್ಲೂ ನೀರಿನಾಟ, ರೋಲರ್ ಕೋಸ್ಟರ್ ಇವೆ. ಹಾಗಿದ್ದೂ ಇಬ್ಬರು ಮಕ್ಕಳು ಮತ್ತು ಮಂಡಿನೋವಿನ ಅತ್ತೆಯವರನ್ನು ಕರೆದುಕೊಂಡು ಒಂದು ರಾತ್ರಿಯ ರೈಲು ಪ್ರಯಾಣ ಮಾಡಿ ಬಿಡದಿಗೇ ಹೋಗಿಬಂದೆವು. ನಮ್ಮ ಹಾಗೆ ಬೆಂಗಳೂರು ಬಿಟ್ಟು ದೂರದ ಊರುಗಳಲ್ಲಿ ನೆಲೆಸಿ, ಮಕ್ಕಳ ಒತ್ತಾಯಕ್ಕೆ ಮತ್ತೆ ಅದೇ ಪಾರ್ಕಿಗೆ ಹೋಗಬೇಕೇ ಬೇಡವೇ ಎಂದು ಯೋಚಿಸುತ್ತಿರುವವರಿಗೆ ನೆರವಾಗಲೆಂದು ನಮ್ಮ ಅನುಭವವನ್ನು ಬರೆಯುತ್ತಿದ್ದೇನೆ.

ನಾವು ಹನ್ನೊಂದು ವರ್ಷ ಕೆಂಗೇರಿ ಉಪನಗರದಲ್ಲಿದ್ದವರು. ಅಲ್ಲಿಂದ ವಂಡರ್‌ಲಾಗೆ ಅರ್ಧ ಗಂಟೆಯ ಹಾದಿ. ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ, ಯಾವ ತಯಾರಿಯೂ ಇಲ್ಲದೆ ಬೆಳಗ್ಗೆ ತಿಂಡಿ ಮುಗಿಸಿ ಹೊರಟುಬಿಡುತ್ತಿದ್ದೆವು. ನಾಲ್ಕು ವರ್ಷದ ಹಿಂದೆ ಬ್ಯಾಂಕಿನಲ್ಲಿ ನನಗೆ ಕಲಬುರಗಿಗೆ ವರ್ಗವಾಯಿತು. ಊರು ಬದಲಾದಾಗ ಮಕ್ಕಳು ಶಾಲೆಗೂ ಗೆಳೆಯರಿಗೂ ಅತ್ತದ್ದು ಸಹಜ. ಆದರೆ ಮಗಳು ಆಗಾಗ ಕೇಳುತ್ತಿದ್ದದ್ದು "ಅಮ್ಮ, ಬಿಡದಿ ಯಾವಾಗ?" ಎಂದು.

ಹೈದರಾಬಾದಿನ ಪಾರ್ಕಿಗೂ ಒಮ್ಮೆ ಹೋಗಿದ್ದೇವೆ. ಹೊರವರ್ತುಲ ರಸ್ತೆಯ ಪಕ್ಕ, ರಾವಿರ್ಯಾಲದಲ್ಲಿ 2016ರಲ್ಲಿ ಆರಂಭವಾದ ಆ ಪಾರ್ಕು ಅಚ್ಚುಕಟ್ಟಾಗಿದೆ, ದಾರಿಯೂ ಸಲೀಸು. ಬೀದರ, ಕಲಬುರಗಿ, ರಾಯಚೂರು ಕಡೆಯವರು ಮೊದಲ ಸಲ ಹೋಗುವುದಾದರೆ ನಾನು ಅದನ್ನೇ ಸೂಚಿಸುತ್ತೇನೆ. ಆದರೆ ಅಲ್ಲಿ ನಮ್ಮ ಮಕ್ಕಳು ದಿನವಿಡೀ "ಇಲ್ಲಿ ಅದೆಲ್ಲಿದೆ, ಇದೆಲ್ಲಿದೆ" ಎಂದು ಹುಡುಕುತ್ತಲೇ ಇದ್ದರು. ಅವರ ಮನಸ್ಸಿನಲ್ಲಿ ಬಿಡದಿಯ ನಕಾಶೆ ಅಚ್ಚಾಗಿತ್ತು. ಈ ಕಂಪನಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಮೊದಲ ಪಾರ್ಕು ತೆರೆಯಿತು. ಬಿಡದಿಯದು 2005ರಲ್ಲಿ ಬಂದ ಎರಡನೆಯದು. ಎಂಬತ್ತು ಎಕರೆಗೂ ಮಿಕ್ಕಿದ ಜಾಗದಲ್ಲಿ ಇಪ್ಪತ್ತು ವರ್ಷದಿಂದ ಬೆಳೆದು ನಿಂತ ಮರಗಳ ನೆರಳು ಅಲ್ಲಿನ ದೊಡ್ಡ ಆಸ್ತಿ. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲನ್ನು ತಲೆಯ ಮೇಲೆ ಹೊತ್ತು ತಿರುಗಿದವರಿಗೆ ಆ ನೆರಳಿನ ಬೆಲೆ ಬೇಗ ತಿಳಿಯುತ್ತದೆ.

ಮೊದಲು ಪ್ರಯಾಣದ ವಿಷಯ, ಏಕೆಂದರೆ ದೂರದಿಂದ ಬರುವವರ ಪ್ರವಾಸ ಕೆಡುವುದು ಹೆಚ್ಚಾಗಿ ದಾರಿಯಲ್ಲೇ. ಎರಡು ವರ್ಷದ ಹಿಂದೆ ನಾವು ಒಂದು ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಹೊರಟಿದ್ದೆವು. ನಡುರಾತ್ರಿ ಬಸ್ಸು ಕೆಟ್ಟು, ಬದಲಿ ಬಸ್ಸು ಬರುವಷ್ಟರಲ್ಲಿ ಬೆಳಗಾಗಿ, ಬೆಂಗಳೂರು ಮುಟ್ಟಿದಾಗ ಮಧ್ಯಾಹ್ನ ಎರಡಾಗಿತ್ತು. ಮುಂಗಡವಾಗಿ ಕೊಂಡಿದ್ದ ಪಾರ್ಕಿನ ಟಿಕೆಟ್ಟು ಅದೇ ದಿನದ್ದಾಗಿದ್ದರಿಂದ ಮೂರು ಗಂಟೆಗೆ ಒಳಹೊಕ್ಕು ಆರಕ್ಕೆ ಹೊರಬರಬೇಕಾಯಿತು. ಆ ಪೆಟ್ಟಿನಿಂದ ಕಲಿತು ಈ ಸಲ ಎರಡು ನಿಯಮ ಮಾಡಿಕೊಂಡೆವು: ಹೋಗುವುದು ರೈಲಿನಲ್ಲಿ, ಮತ್ತು ಬೆಂಗಳೂರು ತಲುಪಿದ ದಿನ ಪಾರ್ಕಿಗೆ ಹೋಗಕೂಡದು.

ರೈಲಿಗೆ ಆಯ್ಕೆಗಳಿವೆ. 2024ರ ಮಾರ್ಚ್‌ನಲ್ಲಿ ಆರಂಭವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನಕ್ಕೆ ತಲುಪಿಸುತ್ತದೆ. ಆದರೆ ಅದು ಹೋಗುವುದು ಬೈಯಪ್ಪನಹಳ್ಳಿ ಕಡೆಯ ವಿಶ್ವೇಶ್ವರಯ್ಯ ಟರ್ಮಿನಲ್‌ಗೆ. ಬಿಡದಿ ಇರುವುದು ಊರಿನ ಇನ್ನೊಂದು ತುದಿಯಲ್ಲಿ. ರಾತ್ರಿ ಮಲಗಿಕೊಂಡು ಹೋಗಬಯಸುವವರಿಗೆ ಬಸವ ಎಕ್ಸ್‌ಪ್ರೆಸ್ ಒಳ್ಳೆಯದು, ಅದು ಬೆಳಗ್ಗೆ ಮೆಜೆಸ್ಟಿಕ್ಕಿನ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೇ ಬರುತ್ತದೆ. ನಾವು ಅದನ್ನೇ ಹಿಡಿದೆವು. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲಷ್ಟೇ ತೆರೆಯುವುದರಿಂದ, ದಸರಾ ದೀಪಾವಳಿಗಳ ಸಮಯದಲ್ಲಿ ಆ ದಿನದ ಬೆಳಗ್ಗೆಯೇ ಕೂತು ಟಿಕೆಟ್ ಮಾಡಿಸುವುದು ಕ್ಷೇಮ. ಮೆಜೆಸ್ಟಿಕ್ಕಿನಿಂದ ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರ್‌ನಿಂದ ಕೆಂಗೇರಿ ದಾಟಿ ಚಲ್ಲಘಟ್ಟದವರೆಗೆ ಹೋಗುತ್ತದೆ. ನಾವು ಕೆಂಗೇರಿಯಲ್ಲಿಳಿದು ನನ್ನ ತಂಗಿಯ ಮನೆಯಲ್ಲಿ ಆ ಹಗಲು, ರಾತ್ರಿ ಕಳೆದು, ಮರುದಿನ ಮಂಗಳವಾರ ಟ್ಯಾಕ್ಸಿಯಲ್ಲಿ ಹೊರಟೆವು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಆದ ಮೇಲೆ ಹೋಗದಿದ್ದವರಿಗೆ ಒಂದು ಸೂಚನೆ: ಮುಖ್ಯ ಪಥ ಹತ್ತದೆ ಸರ್ವಿಸ್ ರಸ್ತೆಯಲ್ಲೇ ಹೋಗುವಂತೆ ಚಾಲಕರಿಗೆ ಹೇಳಿ, ಟೋಲ್ ಕಟ್ಟುವುದೂ ತಪ್ಪುತ್ತದೆ, ವಂಡರ್‌ಲಾ ತಿರುವೂ ಕೈತಪ್ಪುವುದಿಲ್ಲ. ಪಾರ್ಕು ತೆರೆಯುವುದು ಹನ್ನೊಂದಕ್ಕಾದ್ದರಿಂದ ಇನ್ನೂ ನಾಲ್ಕಾರು ಕಿಲೋಮೀಟರು ಮುಂದೆ ಹೋಗಿ ಬಿಡದಿಯ ತಟ್ಟೆ ಇಡ್ಲಿ ತಿಂದು ವಾಪಸು ಬರಲು ಸಮಯವಿತ್ತು. ಇಡ್ಲಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತಾ ಅತ್ತೆಯವರು, "ಇದಕ್ಕೇ ಬಂದೆವು ಅಂತ ಹೇಳಿದರೂ ನಡೆಯುತ್ತೆ ಬಿಡಮ್ಮ" ಎಂದರು.

ಟಿಕೆಟ್ ದರವನ್ನು ಇಲ್ಲಿ ಮಕ್ಕಳ ವಯಸ್ಸಿನ ಬದಲು ಎತ್ತರ ನೋಡಿ ನಿರ್ಧರಿಸುತ್ತಾರೆ. 85 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಉಚಿತ, ಅಲ್ಲಿಂದ 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್, ಅದಕ್ಕಿಂತ ಮೇಲಾದರೆ ದೊಡ್ಡವರದ್ದು. ಹನ್ನೆರಡು ವರ್ಷದ ನನ್ನ ಮಗ ಕೆಂಗೇರಿ ಬಿಡುವಾಗ ಆ ಗೆರೆಗಿಂತ ಬಹಳ ಕೆಳಗಿದ್ದ. ಈ ಸಲ ಚಪ್ಪಲಿ ಕಳಚಿ, ಹಿಮ್ಮಡಿ ಜೋಡಿಸಿ, ಕತ್ತು ನೇರ ಮಾಡಿ ಅಳತೆಯ ಪಟ್ಟಿಗೆ ಬೆನ್ನು ಕೊಟ್ಟು ನಿಂತವನ ಎದ್ದ ಕೂದಲನ್ನು ನಾನೇ ಅಂಗೈಯಿಂದ ಒತ್ತಿ ನೋಡಿದೆ. ಎರಡು ಬೆರಳಿನಷ್ಟು ಮೇಲಿದ್ದ. ಅವನಿಗೆ ಪೂರ್ತಿ ಟಿಕೆಟ್ ತೆಗೆಸುವಾಗ ಹೆಚ್ಚು ಹಣ ಕೊಡುತ್ತಿದ್ದೇನೆ ಅನ್ನಿಸಲಿಲ್ಲ. ಒಂದೇ ಪಾರ್ಕಿಗೆ ಮತ್ತೆ ಮತ್ತೆ ಹೋಗುವುದರಲ್ಲಿ ನನಗೆ ಕಾಣುವ ದೊಡ್ಡ ಲಾಭ ಇದು. ಹೊಸ ಪಾರ್ಕಿನಲ್ಲಿ ಮಕ್ಕಳು ಆಟಗಳನ್ನು ನೋಡುತ್ತಾರೆ. ಹಳೆಯ ಪಾರ್ಕಿನಲ್ಲಿ ತಾವೆಷ್ಟು ಬೆಳೆದೆವು ಎಂಬುದನ್ನೂ ನೋಡಿಕೊಳ್ಳುತ್ತಾರೆ. ಹಿಂದೆ ಕೆಳಗೆ ನಿಂತು ಕತ್ತೆತ್ತಿ ನೋಡಿದ ಆಟಕ್ಕೆ ಈ ಸಲ ತಾವೇ ಹತ್ತುತ್ತಾರೆ.

ಹಾಗೆ ಅವನು ಕಾದಿದ್ದ ಆಟ ರೀಕಾಯ್ಲ್. ಕೂತವರನ್ನು ಬೆನ್ನು ಹಿಂದಾಗಿ ಎತ್ತರಕ್ಕೆ ಎಳೆದುಕೊಂಡು ಹೋಗಿ, ಒಂದು ಕ್ಷಣ ತಡೆದು, ಕೈಬಿಡುವ ರೋಲರ್ ಕೋಸ್ಟರ್ ಇದು. ತಲೆಕೆಳಗಾಗಿಸುವ ಸುರುಳಿಗಳನ್ನು ಮುಂದಕ್ಕೊಮ್ಮೆ ದಾಟಿ, ಆ ಬದಿಯ ಎತ್ತರಕ್ಕೇರಿ, ಅದೇ ದಾರಿಯಲ್ಲಿ ಹಿಮ್ಮುಖವಾಗಿ ಮತ್ತೆ ದಾಟುತ್ತದೆ. ಒಟ್ಟು ಒಂದೆರಡು ನಿಮಿಷದ ಆಟ. ನಮ್ಮವರು ಮಗನ ಪಕ್ಕ ಕೂತರು. ಇಳಿದು ಬಂದಾಗ ಮಗ ಏನೂ ಮಾತಾಡದೆ ನನ್ನ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡು ಅರ್ಧ ಖಾಲಿ ಮಾಡಿ, ಆಮೇಲೆ "ಇನ್ನೊಂದ್ಸಲ" ಎಂದ. ಹೃದಯದ ತೊಂದರೆ, ಬೆನ್ನು ಕತ್ತಿನ ನೋವು ಇರುವವರು ಇದಕ್ಕೆ ಹತ್ತಬಾರದು. ಆಟದ ಬಳಿ ಹಾಕಿರುವ ಸೂಚನಾ ಫಲಕವನ್ನು ದಯವಿಟ್ಟು ಓದಿ.

ನೀರಿನಾಟದ ವಿಷಯದಲ್ಲಿ ಗಡಿಯಾರ ನೋಡಿಕೊಳ್ಳಬೇಕು. ಅವು ಮಧ್ಯಾಹ್ನದ ಹೊತ್ತಿಗೆ ಶುರುವಾಗಿ, ಪಾರ್ಕು ಮುಚ್ಚುವುದಕ್ಕೆ ಮೊದಲೇ ಮುಗಿಯುತ್ತವೆ. ಆದ್ದರಿಂದ ತೆರೆದ ಕೂಡಲೇ ರೀಕಾಯ್ಲ್‌ನಂಥ ದೊಡ್ಡ ಆಟಗಳಿಗೆ ಹೋಗಿ, ಊಟ ಮುಗಿಸಿ ನೀರಿಗಿಳಿದು, ಸಂಜೆ ಬಟ್ಟೆ ಬದಲಿಸಿ ಉಳಿದ ಆಟಗಳಿಗೆ ಬರುವ ಕ್ರಮ ಚೆನ್ನಾಗಿ ಹೊಂದುತ್ತದೆ. ನೀರಿಗೆ ಹತ್ತಿಬಟ್ಟೆ ನಡೆಯದು, ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಬೇಕು. ಒಳಗಿನ ಅಂಗಡಿಯಲ್ಲಿ ಸಿಗುತ್ತದೆಯಾದರೂ ನಾಲ್ಕು ಜನಕ್ಕೆ ಅಲ್ಲಿ ಕೊಳ್ಳುವುದಕ್ಕಿಂತ ಮನೆಯಿಂದ ತರುವುದು ಲೇಸು. ವೇವ್ ಪೂಲಿನಲ್ಲಿ ಅಲೆ ಏಳುವ ಮೊದಲು ಸೈರನ್ ಕೂಗುತ್ತದೆ. ಅದರ ಬೆನ್ನಿಗೇ ಕೊಳದಲ್ಲಿದ್ದ ನೂರಾರು ಜನ ಒಟ್ಟಿಗೆ "ಹೋ" ಎನ್ನುತ್ತಾರೆ. ಚಿಕ್ಕವಳಿದ್ದಾಗ ಆ ಸದ್ದಿಗೆ ಬೆದರಿ ನನ್ನ ಸೊಂಟ ಬಿಡದಿದ್ದ ಮಗಳು ಈಗ ನನ್ನ ಮಣಿಕಟ್ಟು ಹಿಡಿದು ಮುಂದಕ್ಕೆ ಎಳೆಯುತ್ತಿದ್ದಳು. ಮಕ್ಕಳ ಕೈಬಿಡದಿರಿ, ಜೀವರಕ್ಷಕರು ಸೀಟಿ ಊದಿದರೆ ಹಿಂದೆ ಬನ್ನಿ. ರೈನ್ ಡಿಸ್ಕೊ ನಮ್ಮ ಮನೆಯಲ್ಲಿ ಎಲ್ಲರಿಗೂ ಅಚ್ಚುಮೆಚ್ಚು: ಕತ್ತಲ ಸಭಾಂಗಣ, ಬಣ್ಣದ ದೀಪ, ಹಾಡು, ಮೇಲಿನಿಂದ ಸುರಿಯುವ ಬೆಚ್ಚನೆಯ ಮಳೆ. ಅಕ್ಟೋಬರಿನ ಬೆಂಗಳೂರಿನಲ್ಲಿ ಕೊಳದಿಂದ ನಡುಗುತ್ತಾ ಬಂದ ಮೈಗೆ ಆ ಬೆಚ್ಚನೆಯ ನೀರು ತಾಕಿದಾಗಿನ ಹಿತವನ್ನು ಎಷ್ಟು ಹೊಗಳಿದರೂ ಕಡಿಮೆ.

ಹಿರಿಯರನ್ನು ಕರೆದೊಯ್ಯಬಹುದೇ ಎಂದು ಹಲವರು ಕೇಳುತ್ತಾರೆ. ನಮ್ಮ ಅತ್ತೆಯವರಿಗೆ ಅರವತ್ತೆಂಟು. ಇಂಥ ಪಾರ್ಕುಗಳಲ್ಲಿ ಆ ವಯಸ್ಸಿನವರಿಗೆ ಹೊಂದುವ ಆಟ ಸಹಜವಾಗಿಯೇ ಕಡಿಮೆ, ನಡಿಗೆ ಮಾತ್ರ ಬಹಳ. ಅವರು ಮರದ ನೆರಳಿನ ಬೆಂಚಿನಲ್ಲಿ ನಮ್ಮ ಚೀಲ ಕಾಯುತ್ತಾ, ಬಂದುಹೋಗುವ ಕುಟುಂಬಗಳನ್ನು ನೋಡುತ್ತಾ ಕೂತರು. ಬೇಸರವಾಯಿತೆಂದು ಒಮ್ಮೆಯೂ ಹೇಳಲಿಲ್ಲ. ಸಂಜೆ ಅವರನ್ನು ಸ್ಕೈ ವೀಲ್‌ಗೆ ಕರೆದೊಯ್ದೆವು. ಎತ್ತರದ ಕಟ್ಟಡದ ನೆತ್ತಿಯ ಮೇಲೆ ಕೂರಿಸಿರುವ ಜಯಂಟ್ ವೀಲ್ ಅದು. ಮೇಲಕ್ಕೆ ಲಿಫ್ಟ್ ಇರುವುದರಿಂದ ಮಂಡಿಗೆ ತ್ರಾಸವಿಲ್ಲ. ಚಕ್ರ ನಿಧಾನವಾಗಿ ಮೇಲೇರಿದಾಗ ತೋಟಗಳು, ಮೈಸೂರು ರಸ್ತೆ, ದೂರದ ಗುಡ್ಡಸಾಲು ಎಲ್ಲ ಕಂಡವು. ಅತ್ತೆಯವರು ಸೆರಗನ್ನು ಹೊದ್ದುಕೊಂಡು, ಬೆಂಗಳೂರಿನ ಕಡೆ ಕೈ ಮಾಡಿ, "ನಮ್ಮ ಮನೆ ಆ ಕಡೆ ಅಲ್ವೇನೇ?" ಎಂದು ಮೊಮ್ಮಗಳನ್ನು ಕೇಳಿದರು. ಊರು ಬಿಟ್ಟು ನಾಲ್ಕು ವರ್ಷವಾಗಿದ್ದರೂ ಅವರ ಬಾಯಲ್ಲಿ "ನಮ್ಮ ಮನೆ" ಎಂದರೆ ಇನ್ನೂ ಕೆಂಗೇರಿಯದೇ.

ಖರ್ಚಿನ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಹೊರಗಿನ ಊಟತಿಂಡಿಯನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಊಟದ ಹಣವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಸಾದಾ ದಕ್ಷಿಣ ಭಾರತೀಯ ಊಟವೂ ಒಳಗಿನ ಹೋಟೆಲುಗಳಲ್ಲಿ ಸಿಗುತ್ತದೆ. ಪ್ರವೇಶ ದರ ದಿನದಿಂದ ದಿನಕ್ಕೆ ಬೇರೆಯಾಗುವುದರಿಂದ ಹೊರಡುವ ಮುಂಚೆ ಆನ್‌ಲೈನಿನಲ್ಲಿ ನೋಡಿಕೊಳ್ಳಿ. ಸರದಿ ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟೂ ಇದೆ. ಭಾನುವಾರ ಅಥವಾ ಹಬ್ಬದ ದಿನ ಹೋಗಲೇಬೇಕಾದವರಿಗೆ ಅದು ಉಪಯುಕ್ತವಾದೀತು. ವಾರದ ನಡುವೆ ಹೋದ ನಮಗೆ ಅದರ ಅಗತ್ಯ ಬೀಳಲಿಲ್ಲ. ಕೆಂಗೇರಿಯಲ್ಲಿದ್ದಾಗ ನಾವು ಎಷ್ಟೇ ಗದ್ದಲವಿದ್ದರೂ ಭಾನುವಾರವೇ ಹೋಗುತ್ತಿದ್ದೆವು, ಮುಂದಿನ ತಿಂಗಳು ಮತ್ತೆ ಬಂದರಾಯಿತು ಎಂಬ ಧೈರ್ಯವಿತ್ತು. ಆರುನೂರು ಕಿಲೋಮೀಟರಿನಿಂದ ಬರುವವರಿಗೆ ಆ ಧೈರ್ಯವಿಲ್ಲ. ಅವರು ಎರಡು ದಿನ ರಜೆ ಹೆಚ್ಚು ಹಾಕಿಯಾದರೂ ವಾರದ ದಿನವನ್ನೇ ಆರಿಸಬೇಕು. ನೆಂಟರ ಮನೆಯಿಲ್ಲದವರಿಗೆ ಪಾರ್ಕಿಗೆ ಹೊಂದಿಕೊಂಡೇ ಅವರದ್ದೇ ರೆಸಾರ್ಟ್ ಇದೆ. ಮಾರನೆಯ ದಿನ ಮಕ್ಕಳ ಮೈಕೈ ನೋಯುತ್ತಿರುತ್ತದೆ, ಅಂದೇ ರೈಲು ಹತ್ತಿಸಬೇಡಿ. ನಾವು ಆ ದಿನ ಚನ್ನಪಟ್ಟಣಕ್ಕೆ ಹೋಗಿ ಮರದ ಗೊಂಬೆ ಕೊಂಡು, ನಿಧಾನವಾಗಿ ವಾಪಸು ಬಂದು, ಮರುದಿನ ಸಂಜೆಯ ರೈಲು ಹಿಡಿದೆವು.

ಪಕ್ಕದ ಮನೆಯವರಿಗೆ ನಾನು ಕೊಟ್ಟ ಉತ್ತರ ಇದು: ಬರೀ ಆಟಕ್ಕಾದರೆ ಹೈದರಾಬಾದು ಸಾಕು, ಕಾಸೂ ಸಮಯವೂ ಉಳಿಯುತ್ತದೆ. ಆದರೆ ಮಕ್ಕಳು ನಡಿಗೆ ಕಲಿತ ಕಾಲದಿಂದ ಓಡಾಡಿದ ಜಾಗವೊಂದು ಇನ್ನೂ ಚೆನ್ನಾಗಿ ನಡೆಯುತ್ತಿರುವಾಗ, ಎರಡು ವರ್ಷಕ್ಕೊಮ್ಮೆ ಅದಕ್ಕಾಗಿ ಒಂದು ರಾತ್ರಿಯ ರೈಲು ಪ್ರಯಾಣ ಮಾಡುವುದು ನನ್ನ ಲೆಕ್ಕದಲ್ಲಿ ದುಬಾರಿಯಲ್ಲ. ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಉಳಿದ ಅರ್ಧ ಅಂಕ ದೂರಕ್ಕೆ ಹೋಯಿತು.

ಕಲಬುರಗಿಗೆ ಮರಳಿದ ದಿನವೇ ಮಗಳು ಅಳತೆಯ ಟೇಪು ತಂದು, ಅಡುಗೆಮನೆಯ ಬಾಗಿಲಿನ ಚೌಕಟ್ಟಿನ ಮೇಲೆ 140 ಸೆಂ.ಮೀ.ಗೆ ಸರಿಯಾಗಿ ಪೆನ್ಸಿಲಿನಿಂದ ಗೆರೆ ಎಳೆಸಿಕೊಂಡಿದ್ದಾಳೆ. ಅವಳ ತಲೆಗೂ ಆ ಗೆರೆಗೂ ನಡುವೆ ಇನ್ನೂ ನನ್ನ ಒಂದು ಗೇಣಿನಷ್ಟು ಅಂತರವಿದೆ.