ಬೇಸ್ ಗಿಟಾರ್: ಯಾವ ಪೆಡಲ್, ಯಾವ ಪಾಲಿಶ್?

ತುಮಕೂರು ಸುತ್ತಮುತ್ತ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವವರಿಗೆ ಬೇಸ್ ಆಂಪ್, ಅಂದರೆ ಬೇಸಿನ ದನಿ ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ, ಅಪರೂಪದ ವಸ್ತು. ಗಣೇಶನ ಹಬ್ಬ ಇರಲಿ, ರಾಜ್ಯೋತ್ಸವ ಇರಲಿ, ಮದುವೆ ರಿಸೆಪ್ಷನ್ ಇರಲಿ, ಮೈಕ್‌ಸೆಟ್‌ನವರು ಒಂದು ಕೇಬಲ್ ಎಸೆಯುತ್ತಾರೆ. ಅದನ್ನು ಗಿಟಾರಿಗೆ ಚುಚ್ಚಿಕೊಳ್ಳಬೇಕು. ಅದು ನೇರವಾಗಿ ಮಿಕ್ಸರ್‌ಗೆ ಹೋಗುತ್ತದೆ, ಅಷ್ಟೇ. ಪೆಡಲ್ (ಕಾಲಿನಿಂದ ಒತ್ತಿ ದನಿ ಬದಲಿಸುವ ಡಬ್ಬಿ) ಕೊಳ್ಳುವ ಮುಂಚೆ ನಾವು ನೋಡುವ ವಿಡಿಯೋಗಳಲ್ಲಿ ಎಲ್ಲರ ಹಿಂದೆಯೂ ಆಳೆತ್ತರದ ಆಂಪ್ ನಿಂತಿರುತ್ತದೆ. ಅಲ್ಲಿನ ತೀರ್ಪು ನಮ್ಮ ಸ್ಟೇಜಿಗೆ ಹೊಂದುವುದಿಲ್ಲ. ಹಾಗಾಗಿ ಒಂದೇ ಪ್ರಶ್ನೆ ಇಟ್ಟುಕೊಂಡು ಪೆಡಲ್‌ಗಳನ್ನು ನೋಡಿದೆ: ಕೊನೇ ಸಾಲಿನ ಕುರ್ಚಿಯಲ್ಲಿ ಕೂತವನಿಗೆ ಬೇಸ್ ಕೇಳಿಸುತ್ತದಾ? ಪೆಡಲ್‌ನಿಂದ ಶುರುವಾದದ್ದು ಬೇಸಿನ ಪಾಲಿಶ್‌ವರೆಗೂ ಹೋಯಿತು, ಅದನ್ನೂ ಕೊನೆಗೆ ಹೇಳುತ್ತೇನೆ.

ಸ್ನೇಹಿತರಿಂದ ತಂದದ್ದು, ನಾನೇ ಕೊಂಡದ್ದು ಎಲ್ಲ ಸೇರಿಸಿ ನಾಲ್ಕು ಬಗೆ. ಗಿಟಾರ್ ಓವರ್‌ಡ್ರೈವ್, ಬೇಸ್ ಓವರ್‌ಡ್ರೈವ್ (ಎರಡೂ ದನಿಗೆ ಒರಟು ಸೇರಿಸುವವು), ಕಂಪ್ರೆಸರ್ (ಏರಿಳಿತ ಹಿಡಿಯುವುದು), ಪ್ರಿಆಂಪ್ ಡಿಐ (ಬೇಸಿನ ದನಿಯನ್ನು ಹದ ಮಾಡಿ ನೇರ ಮಿಕ್ಸರ್‌ಗೆ ಕಳಿಸುವುದು). ಸೌಂಡ್ ಚೆಕ್ ಹೊತ್ತಿನಲ್ಲಿ ಒಂದೇ ಹಾಡು, ಒಂದೇ ಬೇಸ್. ಮೈದಾನದ ಹಿಂದೆ ನಿಂತ ಕೀಬೋರ್ಡ್‌ನವನ ಕೈಯಲ್ಲಿ ಫೋನ್ ರೆಕಾರ್ಡಿಂಗ್.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬೇಸಿನ ದಪ್ಪ ತಂತಿ, ಅಂದರೆ ಇ, ಬೆರಳಿಡದೆ ಮೀಟಿದರೆ 41 ಹರ್ಟ್ಸ್. ಐದು ತಂತಿಯ ಬೇಸ್ ಆದರೆ ಬಿ ತಂತಿ 31 ಹರ್ಟ್ಸ್. ಊರಹಬ್ಬದ ಸ್ಟೇಜಿನ ಎರಡು ಪಕ್ಕದಲ್ಲಿ ನಿಲ್ಲಿಸುವ 12 ಇಂಚಿನ ಟಾಪ್ ಸ್ಪೀಕರ್‌ಗಳು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ತಳದ ದನಿಗೆಂದೇ ಇಡುವ ಸಬ್ ಸ್ಪೀಕರ್ ಇದ್ದರೂ ಅದರ ಮುಕ್ಕಾಲು ಪಾಲು ರಿದಂ ಪ್ಯಾಡ್‌ಗೇ ಹೋಗಿರುತ್ತದೆ. ಆದರೆ ನಮ್ಮ ಕಿವಿಗೆ ಒಂದು ಗುಣ ಇದೆ. ಅದೇ ಸ್ವರದ ಮೇಲಿನ ಪಾಲುಗಳು, 82, 123, 164 ಹರ್ಟ್ಸ್, ಸರಿಯಾಗಿ ಕೇಳಿಸಿದರೆ ಕೆಳಗಿನ 41 ಅನ್ನು ಮಿದುಳೇ ತುಂಬಿಕೊಳ್ಳುತ್ತದೆ. ಫೋನಿನ ಪುಟ್ಟ ಸ್ಪೀಕರ್‌ನಲ್ಲೂ ಬೇಸ್ ಲೈನ್ ಗುರುತು ಸಿಗುವುದು ಇದರಿಂದಲೇ. ಓವರ್‌ಡ್ರೈವ್ ಮಾಡುವ ಕೆಲಸವೂ ಇದೇ, ಮೇಲಿನ ಪಾಲುಗಳನ್ನು ಹುಟ್ಟಿಸುವುದು. ಅಂದರೆ ರಾಕ್ ಬ್ಯಾಂಡ್‌ನವರಿಗೆ ಗರ್ಜನೆಗೆ ಬೇಕಾದ ಪೆಡಲ್, ಹಳೇ ಸಿನಿಮಾ ಹಾಡು ನುಡಿಸುವ ನಮಗೆ ಸುಮ್ನೆ ಕೇಳಿಸಿಕೊಳ್ಳುವುದಕ್ಕೆ ಬೇಕು.

ಹಾಗಂತ ಯಾವ ಓವರ್‌ಡ್ರೈವ್ ಆದರೂ ನಡೆಯುತ್ತದಾ? ಇಲ್ಲ. ಗಿಟಾರ್‌ನವರ ಅಚ್ಚುಮೆಚ್ಚಿನ ಟ್ಯೂಬ್ ಸ್ಕ್ರೀಮರ್ ಬಗೆಯ ಸರ್ಕ್ಯೂಟ್ ತೆಗೆದುಕೊಳ್ಳಿ. ಅದರಲ್ಲಿ ಸುಮಾರು 720 ಹರ್ಟ್ಸ್‌ನಿಂದ ಕೆಳಗೆ ಹೋದಂತೆ ಗೇನ್, ಅಂದರೆ ದನಿ ಹಿಗ್ಗಿಸುವ ಪ್ರಮಾಣ, ಕಡಿಮೆಯಾಗುತ್ತಾ ಹೋಗುತ್ತದೆ. ಗಿಟಾರಿಗೆ ಅದು ಬೇಕು, ಬೇಸ್ ಮತ್ತು ಡ್ರಮ್‌ಗೆ ಜಾಗ ಬಿಟ್ಟುಕೊಡಲಿ ಅಂತಲೇ ಹಾಗೆ ಮಾಡಿದ್ದು. ಆ ಜಾಗದಲ್ಲಿ ಕೂರಬೇಕಾದವರು ನಾವು! ಈ ಬಗೆಯ ಪೆಡಲ್ ಹಾಕಿ ನುಡಿಸಿದಾಗ ಮಿಕ್ಸರ್ ಹಿಂದಿದ್ದ ಅಣ್ಣ ಕೂಗಿ ಹೇಳಿದ್ದು ಇಷ್ಟು: "ಸಾರ್, ಗಿಟಾರ್ ಚೆನ್ನಾಗಿ ಕೇಳ್ತೈತೆ, ಬೇಸ್ ಎಲ್ಲಿ?" ಅದಕ್ಕಿಂತ ಒಳ್ಳೆ ವಿಮರ್ಶೆ ಇನ್ನೊಂದಿಲ್ಲ.

ಬೇಸ್‌ಗೆಂದೇ ಮಾಡಿದ ಓವರ್‌ಡ್ರೈವ್‌ಗಳಲ್ಲಿ ಒಂದು ನಾಬ್ ಜಾಸ್ತಿ ಇರುತ್ತದೆ. ಬಾಸ್ ಕಂಪನಿಯ ಓಡಿಬಿ-3ಯಲ್ಲಿ ಅದಕ್ಕೆ ಬ್ಯಾಲೆನ್ಸ್ ಅಂತ ಹೆಸರು, ಟೆಕ್ 21ರ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್‌ನಲ್ಲಿ ಬ್ಲೆಂಡ್ ಅಂತ. ಪೆಡಲ್‌ಗೆ ಬಂದ ಶುದ್ಧ ದನಿಯ ಒಂದು ಪಾಲನ್ನು ಹಾಗೇ ದಾಟಿಸಿ, ಡ್ರೈವ್ ಆದ ದನಿಯ ಜೊತೆ ಬೆರೆಸುವ ನಾಬ್ ಅದು. ತಳ ಹಾಗೇ ಉಳಿಯುತ್ತದೆ, ಮೇಲೆ ಸ್ವಲ್ಪ ಒರಟು ಸೇರುತ್ತದೆ. ನನ್ನ ಸೆಟಿಂಗ್ ಏನೆಂದರೆ, ಬ್ಲೆಂಡ್ ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿ, ಗೇನ್ ಅದಕ್ಕಿಂತ ಕಡಿಮೆ. ಒಬ್ಬನೇ ನುಡಿಸಿದಾಗ ದನಿ ಸ್ವಲ್ಪ ಕೊಳಕು ಅನ್ನಿಸಬೇಕು. ಪೂರ್ತಿ ತಂಡ ಶುರುವಾದ ಮೇಲೆ ಆ ಕೊಳಕು ಯಾರ ಕಿವಿಗೂ ಬೀಳುವುದಿಲ್ಲ, ಸ್ವರ ಮಾತ್ರ ಬಿಡಿಬಿಡಿಯಾಗಿ ಕೇಳಿಸುತ್ತದೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಚೆನ್ನಾಗಿದೆ ಅನ್ನಿಸಿದ ಸೆಟಿಂಗ್ ಸ್ಟೇಜಿನಲ್ಲಿ ಕೆಲಸಕ್ಕೆ ಬರುವುದು ಕಡಿಮೆ.

ಕಂಪ್ರೆಸರ್ ವಿಷಯ ಬೇರೆ. ಅದು ದನಿಯ ಬಣ್ಣ ಬದಲಿಸುವುದಿಲ್ಲ, ಏರಿಳಿತ ಹಿಡಿಯುತ್ತದೆ. ರೇಶಿಯೋ 4:1 ಅಂದರೆ, ನಾವಿಟ್ಟ ಗೆರೆಯ ಮೇಲೆ 4 ಡೆಸಿಬೆಲ್ ಜಿಗಿದರೆ ಹೊರಗೆ ಬರುವುದು 1 ಮಾತ್ರ. ಹುಮ್ಮಸ್ಸಿನಲ್ಲಿ ಜೋರಾಗಿ ಮೀಟುವ ನನ್ನಂಥವರಿಗೆ ಇದು ಬೇಕೇ ಬೇಕು. ಇಲ್ಲದಿದ್ದರೆ ಮೈಕ್‌ಸೆಟ್‌ನವರು ಮೊದಲ ಹಾಡಿನಲ್ಲೇ ಬೇಸಿನ ಫೇಡರ್ ಇಳಿಸುತ್ತಾರೆ. ಇಳಿಸಿದ್ದನ್ನು ಮತ್ತೆ ಏರಿಸಿದವರನ್ನು ನಾನು ಕಂಡಿಲ್ಲ. ಅಟ್ಯಾಕ್ ನಾಬ್ ಇರುವ ಕಂಪ್ರೆಸರ್ ಆದರೆ ಅದನ್ನು ನಿಧಾನಕ್ಕೆ ಇಡಿ, ಬೆರಳಿನ ಮೊದಲ ಏಟು ತಪ್ಪಿಸಿಕೊಂಡು ಹೊರಗೆ ಬರಲಿ. ಎಂಎಕ್ಸ್‌ಆರ್ ಕಂಪನಿಯ ಎಂ87 ಕಂಪ್ರೆಸರ್‌ನಲ್ಲಿ ಎಷ್ಟು ಒತ್ತುತ್ತಿದೆ ಅಂತ ತೋರಿಸುವ ದೀಪಗಳ ಸಾಲಿದೆ, ಕಲಿಯುವವರಿಗೆ ಬಹಳ ಅನುಕೂಲ. ಗ್ರಾನೈಟ್ ನೆಲದ ಕಲ್ಯಾಣ ಮಂಟಪದಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬಂದು ಎಲ್ಲ ಕಲಸಿಹೋಗುತ್ತದಲ್ಲ, ಅಲ್ಲಿ ಓವರ್‌ಡ್ರೈವ್‌ಗಿಂತ ಕಂಪ್ರೆಸರ್ ಹೆಚ್ಚು ಕೆಲಸಕ್ಕೆ ಬಂತು. ಬಯಲಿನಲ್ಲಿ ಇದು ಉಲ್ಟಾ.

ಇನ್ನು ಪ್ರಿಆಂಪ್ ಡಿಐ. ಬ್ಲೆಂಡ್ ಇರುವ ಡ್ರೈವ್, ದನಿಯ ತಳ-ಮೇಲು ಹೊಂದಿಸುವ ಇಕ್ಯೂ, ಮಿಕ್ಸರ್‌ಗೆ ನೇರ ಹೋಗುವ ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್‌ನ ಮೂರು ಪಿನ್ನಿನ ಬಗೆ) ಔಟ್‌ಪುಟ್, ಮೂರೂ ಒಂದೇ ಡಬ್ಬಿಯಲ್ಲಿ. ಸ್ಟೇಜಿನಿಂದ ಮಿಕ್ಸರ್‌ವರೆಗೆ ಎಳೆಯುವ ಉದ್ದದ ಕೇಬಲ್‌ನಲ್ಲಿ ಗಿಟಾರಿನ ದನಿಯನ್ನು ಹಾಗೇ ಕಳಿಸಿದರೆ ಮೇಲಿನ ಅಂಶ ಸಾಯುತ್ತದೆ, ಕರೆಂಟಿನ ಗುಂಯ್ ಸೇರುತ್ತದೆ. ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್‌ನಲ್ಲಿ ಕಳಿಸಿದರೆ ಎರಡೂ ತಪ್ಪುತ್ತವೆ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮದಲ್ಲಿ ಗುಂಯ್ ಅನ್ನುವುದು ಜಾಸ್ತಿ. ಅದಕ್ಕೆ ಇದರ ಗ್ರೌಂಡ್ ಲಿಫ್ಟ್ ಸ್ವಿಚ್ (ಮಿಕ್ಸರ್ ಕೇಬಲ್‌ನ ಗ್ರೌಂಡ್ ಸಂಪರ್ಕ ಬಿಡಿಸುವುದು) ಒತ್ತಿ ನೋಡಬೇಕು. ಕೆಲವರು ಪ್ಲಗ್ಗಿನ ಅರ್ತ್ ಪಿನ್ನನ್ನೇ ಕಿತ್ತುಹಾಕುತ್ತಾರೆ. ಒದ್ದೆ ನೆಲದ ಸ್ಟೇಜಿನಲ್ಲಿ ಲೋಹದ ತಂತಿ ಹಿಡಿದು ನಿಲ್ಲುವವರು ನಾವು. ದಯವಿಟ್ಟು ಬೇಡ. ಸ್ಯಾನ್ಸ್‌ಆಂಪ್‌ನಂಥವು ಮಿಕ್ಸರ್ ಅದೇ ಕೇಬಲ್‌ನಲ್ಲಿ ಕೊಡುವ ಕರೆಂಟು, ಅಂದರೆ ಫ್ಯಾಂಟಮ್ ಪವರ್‌ನಲ್ಲೂ ಓಡುತ್ತವೆ. ಅಡಾಪ್ಟರ್ ಮರೆತ ದಿನ ಇದರ ಬೆಲೆ ಗೊತ್ತಾಗುತ್ತದೆ.

ಬೆಲೆ ಅಂದಾಗ ಇದೂ ಹೇಳಬೇಕು. ಒಳ್ಳೆ ಪ್ರಿಆಂಪ್ ಡಿಐ ಕೊಳ್ಳುವ ದುಡ್ಡಿಗೆ ಸಾಧಾರಣ ಬೇಸ್ ಗಿಟಾರೇ ಒಂದು ಬರುತ್ತದೆ. ಆದರೂ ನನ್ನ ಮೊದಲ ಸ್ಥಾನ ಇದಕ್ಕೇ, ಎರಡನೆಯದು ಕಂಪ್ರೆಸರ್‌ಗೆ. ಅಷ್ಟು ಹೊಂದಿಸಲು ಆಗದವರು ಝೂಮ್ ಬಿ1 ಫೋರ್ ಥರದ ಮಲ್ಟಿ ಎಫೆಕ್ಟ್ ನೋಡಬಹುದು. ನಾಲ್ಕು ಎಎ ಸೆಲ್‌ನಲ್ಲಿ ಓಡುತ್ತದೆ, ಕಂಪ್ರೆಸರ್, ಡ್ರೈವ್, ಟ್ಯೂನರ್ ಎಲ್ಲ ಒಳಗೇ ಇದೆ. ದನಿಯನ್ನು ಅಲೆಯಾಡಿಸುವ ಕೋರಸ್, ಫ್ಲ್ಯಾಂಜರ್‌ಗಳ ಬಗ್ಗೆ ಬರೆಯುವುದಕ್ಕೆ ಹೆಚ್ಚೇನೂ ಇಲ್ಲ. ಕೊನೇ ಸಾಲಿಗೆ ತಲುಪುವುದರೊಳಗೆ ಅವು ಕರಗಿಹೋಗಿರುತ್ತವೆ.

ಪೆಡಲ್ ಬಂದ ಮೇಲೆ ಬೇಸಿನೊಳಗಿನ ಹುಳುಕು ಹೊರಗೆ ಬಂತು. ಕಂಪ್ರೆಸರ್ ಸಣ್ಣ ದನಿಯನ್ನೂ ಮೇಲೆತ್ತುತ್ತದೆ, ಡ್ರೈವ್ ಅದನ್ನು ಇನ್ನಷ್ಟು ಹಿಗ್ಗಿಸುತ್ತದೆ. ಸ್ಟೇಜಿನ ಎಲ್‌ಇಡಿ ಲೈಟು, ಡಿಮ್ಮರ್‌ಗಳ ಚರಚರ ಎಲ್ಲ ಸ್ಪೀಕರ್‌ಗೆ ಬರತೊಡಗಿತು. ಇದಕ್ಕೆ ಮದ್ದು, ತಂತಿಯ ಕೆಳಗೆ ದನಿ ಹಿಡಿಯುವ ಪಿಕಪ್ ಕೂರುವ ಗುಳಿಗಳಿಗೆ ತಾಮ್ರದ ಹಾಳೆ ಅಂಟಿಸಿ, ಅದನ್ನು ಗ್ರೌಂಡ್‌ಗೆ ಬೆಸುಗೆ ಹಾಕುವುದು. ಅದಕ್ಕೆ ಎಲ್ಲ ಬಿಚ್ಚಬೇಕು. ಬಿಚ್ಚಿದ ಮೇಲೆ, ಚಕ್ಕೆ ಎದ್ದ ಬಣ್ಣವನ್ನೂ ಕಿತ್ತು ಹೊಸದು ಹೊಡೆಸೋಣ ಅಂತ ಅನ್ನಿಸಿತು. ನಮ್ಮ ತಂಡದ ಸುತ್ತ ಇದ್ದ ಮೂರು ಬೇಸ್‌ಗಳಿಗೆ ಮೂರು ಬಗೆಯ ಫಿನಿಶ್ ಆದದ್ದು ಹೀಗೆ.

ಹಳೇ ಬಣ್ಣ ತೆಗೆಯುವ ಕೆಲಸ ಮೂರಕ್ಕೂ ಒಂದೇ, ಮತ್ತು ಅದೇ ಎಲ್ಲಕ್ಕಿಂತ ಬೇಸರದ್ದು. ಕಾರ್ಖಾನೆಯ ಪಾಲಿಯೆಸ್ಟರ್ ಕೋಟು ಗಾಜಿನಷ್ಟು ಗಟ್ಟಿ. ಉಪ್ಪುಕಾಗದ ಸವೆಯುತ್ತದೆ, ಬಣ್ಣ ಸವೆಯುವುದಿಲ್ಲ. ಹೀಟ್ ಗನ್ ಹಿಡಿದು ಮೆತ್ತಗಾದ ಕಡೆ ಕೆರೆದರೆ ಪದರವಾಗಿ ಏಳುತ್ತದೆ. ಒಂದೇ ಕಡೆ ಹಿಡಿದರೆ ಮರ ಸುಟ್ಟು ಕಪ್ಪಾಗುತ್ತದೆ. ಆಮೇಲೆ 120, 180, 240, 320 ನಂಬರ್ ಕಾಗದ, ಮರದ ಎಳೆಯ ಉದ್ದಕ್ಕೇ ಉಜ್ಜಬೇಕು. ಮಾಸ್ಕ್ ಇಲ್ಲದೆ ಕೂರಬೇಡಿ.

ಮೊದಲನೆಯದು ಫ್ರೆಂಚ್ ಪಾಲಿಶ್, ನನ್ನ ಬೇಸಿಗೆ. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ರಾತ್ರಿ ನೆನೆಹಾಕಿ, ಸೋಸಿ, ಹತ್ತಿಯ ಉಂಡೆಗೆ ಹಳೇ ಪಂಚೆಯ ತುಂಡು ಸುತ್ತಿ ಉಜ್ಜುವುದು. ಬಾಗಿಲು, ತೊಟ್ಟಿಲಿಗೆ ಪಾಲಿಶ್ ಮಾಡುವ ಹಳಬರಿಗೆ ಇದು ಕೈಗೂಡಿದ ಕೆಲಸ. ಉಂಡೆ ಮರದ ಮೇಲೆ ನಿಲ್ಲಬಾರದು. ನಿಂತ ಕಡೆ ಕೆಳಗಿನ ಕೋಟು ಕರಗಿ ಬಟ್ಟೆಯ ಗುರುತು ಮೂಡುತ್ತದೆ. ಅಂಚಿನಿಂದ ಜಾರಿಸಿಕೊಂಡು ಬಂದು, ಎಂಟರ ಆಕಾರದಲ್ಲಿ ಆಡಿಸಿ, ಇನ್ನೊಂದು ಅಂಚಿನಿಂದ ಜಾರಿಸಿಕೊಂಡೇ ಹೊರಗೆ ಹೋಗಬೇಕು. ಉಂಡೆ ಎಳೆದಾಡಿದಂತಾದರೆ ಒಂದು ತೊಟ್ಟು ಎಣ್ಣೆ. ಕೋಟು ಏರಿದಂತೆ ಜೇನಿನ ಬಣ್ಣ ಒಳಗಿನಿಂದ ಬರುತ್ತದೆ, ಮೂರರಲ್ಲಿ ನೋಡಲು ಇದೇ ಚಂದ. ಆದರೆ ಸ್ಟೇಜಿಗೆ ಇದು ನಾಜೂಕು. ಬೆವರಿದ ಮೊಣಕೈ ಒರಗುವ ಜಾಗ ಏಪ್ರಿಲ್ ತಿಂಗಳಿನಲ್ಲಿ ಅಂಟಂಟಾಗುತ್ತದೆ, ನೀರಿನ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಒಂದೇ ಸಮಾಧಾನ, ಮತ್ತೆ ಅದೇ ಉಂಡೆ ಆಡಿಸಿದರೆ ಹೊಸ ಕೋಟು ಹಳೆಯದರೊಳಗೆ ಕರಗಿ ಒಂದಾಗುತ್ತದೆ. ಸಂಜೆಗೆಲ್ಲ ಗುರುತೇ ಇರುವುದಿಲ್ಲ.

ಎರಡನೆಯದು ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಫರ್ನಿಚರ್‌ನವರ ಬಳಿ ಸ್ಯಾಂಡಿಂಗ್ ಸೀಲರ್, ಲ್ಯಾಕರ್, ಥಿನ್ನರ್ ಮೂರೂ ಸಿಗುತ್ತವೆ. ಇದೂ ಕೋಟಿನೊಳಗೆ ಕೋಟು ಕರಗುವ ಜಾತಿಯೇ, ರಿಪೇರಿ ಸುಲಭ. ಅರ್ಧ ಗಂಟೆಯಲ್ಲಿ ಮುಟ್ಟಬಹುದು, ಆದರೆ ಒಳಗೆಲ್ಲ ಗಟ್ಟಿಯಾಗಲು ವಾರಗಳೇ ಬೇಕು. ಅವಸರದಲ್ಲಿ ಕೇಸಿಗೆ ಹಾಕಿದರೆ ಕೇಸಿನ ಬಟ್ಟೆಯ ಅಚ್ಚು ಬೆನ್ನ ಮೇಲೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಗಾಲದಲ್ಲಿ ಇದನ್ನು ಹೊಡೆಸಬೇಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಸ್ಪ್ರೇ ಮಾಡುವ ಜಾಗದಲ್ಲಿ ಬೀಡಿ, ಒಲೆ ಏನೂ ಇರಬಾರದು, ಬಹಳ ಬೇಗ ಹೊತ್ತಿಕೊಳ್ಳುವ ವಸ್ತು ಅದು.

ಮೂರನೆಯದು ಕಾರಿಗೆ ಹೊಡೆಯುವ ಟೂ-ಕೆ ಪಿಯು (ಎರಡು ಭಾಗ ಬೆರೆಸುವ ಪಾಲಿಯುರೆಥೇನ್), ಸ್ನೇಹಿತನ ಕೆಂಪು ಬೇಸಿಗೆ. ಬಿ.ಎಚ್. ರಸ್ತೆಯ ಕಡೆಯ ಒಂದು ಟಿಂಕರಿಂಗ್-ಪೇಂಟಿಂಗ್ ಶೆಡ್‌ನಲ್ಲಿ ಆದದ್ದು. ಗಿಟಾರಿಗೆ ಕಾರಿನ ಬಣ್ಣವಾ ಅಂತ ಮೂಗು ಮುರಿಯಬೇಡಿ. 1951ರಲ್ಲಿ ಪ್ರಿಸಿಷನ್ ಬೇಸ್, 1960ರಲ್ಲಿ ಜಾಝ್ ಬೇಸ್ ತಂದ ಫೆಂಡರ್ ಕಂಪನಿಯ ಆ ಕಾಲದ ಹೆಸರುವಾಸಿ ಬಣ್ಣಗಳೂ ಡುಪಾಂಟ್‌ನ ಕಾರ್ ಪೇಂಟ್‌ಗಳೇ. ಪಿಯುನಲ್ಲಿ ಹಾರ್ಡ್‌ನರ್ ಸೇರಿಸುವುದರಿಂದ ಬೇಗ ಗಟ್ಟಿಯಾಗುತ್ತದೆ, ಬೆವರಿಗೆ ಜಗ್ಗುವುದಿಲ್ಲ. ಆ ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಕರ್ಚೀಫ್ ಕಟ್ಟಿಕೊಂಡು ಮನೆಯ ತಾರಸಿಯಲ್ಲಿ ಮಾಡುವ ಕೆಲಸ ಅಲ್ಲ. ಪೇಂಟರ್ ಅಣ್ಣನಿಗೆ "ತೆಳ್ಳಗೆ ಸಾಕಣ್ಣ" ಅಂದರೆ, "ಗಟ್ಟಿ ಬರ್ಬೇಕಲ್ವಾ ಸಾರ್?" ಅಂತ ಇನ್ನೊಂದು ಕೋಟು ಹಾಕುವ ಉತ್ಸಾಹ. ಮುಂದೆ ಚಕ್ಕೆ ಎದ್ದರೆ ಮಾತ್ರ ಕಷ್ಟ. ಹೊಸ ಕೋಟು ಹಳೆಯದರಲ್ಲಿ ಕರಗುವುದಿಲ್ಲ, ತೇಪೆಯ ಗೆರೆ ಕಾಣುತ್ತದೆ.

ದನಿಯಲ್ಲಿ ಯಾವ ವ್ಯತ್ಯಾಸವೂ ನನ್ನ ಕಿವಿಗೆ ಸಿಗಲಿಲ್ಲ. ಸಾಲಿಡ್ ಬಾಡಿ ಬೇಸ್‌ನಲ್ಲಿ ಪಿಕಪ್ ಹಿಡಿಯುವುದು ತಂತಿಯ ಅಲುಗಾಟವನ್ನು. ಲ್ಯಾಕರ್ ಹಾಕಿದರೆ ಮರ ಉಸಿರಾಡುತ್ತದೆ ಅನ್ನುವ ಮಾತನ್ನು ಮಾರುವವರಿಗೇ ಬಿಡೋಣ. ತಾಮ್ರದ ಹಾಳೆಯಿಂದ ಆದ ವ್ಯತ್ಯಾಸ ಮಾತ್ರ ಯಾರಿಗಾದರೂ ಕೇಳಿಸುತ್ತದೆ. ಲೈಟಿನ ಚರಚರ ನಿಂತಿತು. ಒಂದೇ ಸುರುಳಿಯ (ಸಿಂಗಲ್ ಕಾಯಿಲ್) ಪಿಕಪ್‌ನಲ್ಲಿ ಬರುವ ಕರೆಂಟಿನ 50 ಹರ್ಟ್ಸ್ ಗುಂಯ್ ಅದರಿಂದ ಹೋಗುವುದಿಲ್ಲ. ಜಾಝ್ ಬೇಸ್ ಬಗೆಯದಾದರೆ ಎರಡೂ ಪಿಕಪ್‌ಗಳ ವಾಲ್ಯೂಮ್ ಪೂರ್ತಿ ಇಟ್ಟರೆ ಅದೂ ಅಡಗುತ್ತದೆ.

ವಾರಕ್ಕೆರಡು ಕಾರ್ಯಕ್ರಮ ಇರುವವರಿಗೆ ಪಿಯು. ತಾವೇ ಕೂತು ಮಾಡುವ ಹುಚ್ಚಿದ್ದರೆ ಅರಗು. ಎನ್‌ಸಿ ನನಗೆ ಎರಡರ ನಡುವೆ ಸಿಕ್ಕಿಕೊಂಡಂತೆ ಕಂಡಿತು. ಯಾವುದೇ ಆದರೂ ಬಣ್ಣ ಹೊಡೆಯುವ ಮುಂಚೆ ನೆಕ್ ಕೂರುವ ಗುಳಿಗೆ ಟೇಪ್ ಅಂಟಿಸಿ. ಅಲ್ಲಿ ಬಣ್ಣ ತುಂಬಿದರೆ ನೆಕ್ ಬಿಗಿಯಾಗಿ, ಒತ್ತಿ ಕೂರಿಸುವಾಗ ಸುತ್ತ ಬಿರುಕು ಬಿಡುತ್ತದೆ. ಬ್ರಿಡ್ಜ್ ಕೆಳಗಿನಿಂದ ಬರುವ ಗ್ರೌಂಡ್ ತಂತಿಯ ತುದಿಯನ್ನು ಬಣ್ಣ ಮುಚ್ಚಿದ್ದರೆ ಕೆರೆದು ಲೋಹಕ್ಕೆ ತಾಗಿಸಿ. ಇಲ್ಲದಿದ್ದರೆ ತಂತಿಯಿಂದ ಕೈ ತೆಗೆದರೂ ಮುಟ್ಟಿದರೂ ಗುಂಯ್ ಹಾಗೇ ಇರುತ್ತದೆ.

ಮತ್ತೆ ಫ್ರೆಟ್‌ಬೋರ್ಡ್, ಬೆರಳಿಡುವ ಪಟ್ಟಿ. ತಿಪಟೂರು ಹತ್ತಿರದಲ್ಲೇ ಇರುವುದರಿಂದ ಇಲ್ಲಿನವರದು ಎಲ್ಲದಕ್ಕೂ ಒಂದೇ ಸಲಹೆ, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಅಂತ. ಇದಕ್ಕೆ ಬೇಡ. ಅದು ಎಷ್ಟು ದಿನ ಕಳೆದರೂ ಆರುವ ಎಣ್ಣೆ ಅಲ್ಲ, ಫ್ರೆಟ್ ಸಂದಿಯಲ್ಲಿ ಕೂತು ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ರೋಸ್‌ವುಡ್ ಆದರೆ ಗಿಟಾರ್ ಅಂಗಡಿಯ ಲೆಮನ್ ಆಯಿಲ್ ನಾಲ್ಕು ಹನಿ ಹಾಕಿ ಒರೆಸಿ. ಲ್ಯಾಕರ್ ಹಾಕಿದ ಮೇಪಲ್ ಆದರೆ ಒದ್ದೆ ಬಟ್ಟೆ ಸಾಕು. ಕೊಬ್ಬರಿ ಎಣ್ಣೆ ತಲೆಗೇ ಇರಲಿ.