ಬೀಗದ ಕೈ, ಫೋನಿನ ದನಿ, ತಿರುಗುವ ದೀಪ: ಕನಸು ಹಿಡಿಯಲು ಯಾವುದು ವಾಸಿ?

ನಾನು ಚಿತ್ರ ಬರೆಯುವವಳು. ಹೋದ ಬೇಸಿಗೆಯಲ್ಲಿ ಕೂತರೆ ನಿಂತರೆ ಹಳೇ ಚಿತ್ರಗಳೇ ಕೈಗೆ ಬರುತ್ತಿದ್ದವು. ಸರಿ, ನಿದ್ದೆಯಿಂದಲೇ ಏನಾದರೂ ಕದಿಯೋಣ ಅಂತ ಮೂರು ಉಪಾಯ ಹಿಡಿದು, ಒಂದೊಂದನ್ನೂ ಒಂದು ವಾರ ಮಾಡಿ ನೋಡಿದೆ.

ಮೊದಲನೆಯದು ತಿರುಗುವ ದೀಪ. 1958ರಲ್ಲಿ ಬ್ರಯನ್ ಗೈಸಿನ್ ಎಂಬ ಕಲಾವಿದ ಫ್ರಾನ್ಸಿನ ಮಾರ್ಸೇ ಕಡೆ ಬಸ್ಸಿನಲ್ಲಿ ಹೋಗುತ್ತಿದ್ದ. ಕಣ್ಣು ಮುಚ್ಚಿದ್ದ ಅವನಿಗೆ, ಸಾಲುಮರಗಳ ನಡುವಿನಿಂದ ಬಿಸಿಲು ಬಿಟ್ಟುಬಿಟ್ಟು ಬಿದ್ದು, ರೆಪ್ಪೆಯೊಳಗೆ ಬಣ್ಣಗಳೆದ್ದವು. ಮುಂದೆ ಗೆಳೆಯ ಇಯಾನ್ ಸಾಮರ್‌ವಿಲ್ ಜೊತೆ ಸೇರಿ ಅದನ್ನೇ ಯಂತ್ರ ಮಾಡಿದ, ಡ್ರೀಮಷೀನ್ ಅಂತ. ನಾನು ಚಾರ್ಟ್ ಪೇಪರನ್ನು ಕೊಳವೆಯಂತೆ ಸುತ್ತಿ, ಸುತ್ತಲೂ ಎಂಟೆಂಟು ಸೀಳು ಕೊರೆದು, ಹಳೇ ರೆಕಾರ್ಡ್ ಪ್ಲೇಯರ್ ಮೇಲೆ ನಿಮಿಷಕ್ಕೆ 78 ಸುತ್ತಿನ ವೇಗಕ್ಕಿಟ್ಟೆ. ಒಳಗೆ ಬಲ್ಬು ಇಳಿಬಿಟ್ಟೆ. ಸೆಕೆಂಡಿಗೆ ಹತ್ತು ಸಲ ಬೆಳಕು ಮಿಣುಕುತ್ತದೆ. ಕಣ್ಣು ಮುಚ್ಚಿದರೆ ಕೆಂಪು, ಹಸಿರು ರಂಗೋಲಿ. ಚೆಂದವೇನೋ ಹೌದು, ಆದರೆ ಎಳೆಯಷ್ಟೇ, ಕಥೆಯಿಲ್ಲ. ಹತ್ತು ನಿಮಿಷಕ್ಕೆ ತಲೆನೋವು. ಫಿಟ್ಸ್ ಇರುವವರು ಇದರ ಹತ್ತಿರವೂ ಹೋಗಬಾರದು.

ಎರಡನೆಯದು ಫೋನು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬಿನಲ್ಲಿ ಡಾರ್ಮಿಯೊ ಅಂತ ಒಂದು ಸಾಧನ ಮಾಡಿದ್ದಾರೆ. ಕೈಗೆ ಹಾಕಿಕೊಂಡರೆ, ನಿದ್ದೆಗೆ ಜಾರುವ ಗಳಿಗೆ ನೋಡಿ ಕಿವಿಯಲ್ಲಿ ಒಂದು ಮಾತು ಹೇಳುತ್ತದೆ. ಅವರ ಪ್ರಯೋಗದಲ್ಲಿ 'ಮರ' ಅಂದರು. ಜನಕ್ಕೆ ಮರದ ಕನಸೇ ಬಿದ್ದವು. ನನ್ನ ಹತ್ತಿರ ಅದೆಲ್ಲಿ? ನನ್ನದೇ ದನಿಯಲ್ಲಿ "ಬಾವಿ ನೆನೆಸ್ಕೋ" ಅಂತ ರೆಕಾರ್ಡ್ ಮಾಡಿ, ಟೈಮರ್ ಇಟ್ಟೆ. ಬಾವಿಗಳು ಬಂದವು, ಆದರೆ ಮೇಷ್ಟ್ರು ವಿಷಯ ಕೊಟ್ಟು ಬರೆಸಿದ ಪ್ರಬಂಧದ ಹಾಗೆ. ಇನ್ನೊಂದು ತೊಂದರೆ, ನಾನು ಯಾವಾಗ ಜಾರುತ್ತೇನೆ ಅಂತ ಟೈಮರಿಗೆ ಹೇಗೆ ಗೊತ್ತಾಗಬೇಕು? ವಾರದಲ್ಲಿ ಅರ್ಧಕ್ಕರ್ಧ ದಿನ, ದನಿ ಬಂದಾಗ ನಾನಿನ್ನೂ ಎಚ್ಚರವಾಗೇ ಇರುತ್ತಿದ್ದೆ.

ಬೀಗದ ಕೈಗೆ ಅದು ಗೊತ್ತು.

ಇದು ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿಯ ಉಪಾಯ. ಕುರ್ಚಿಯಲ್ಲಿ ಕೂತು, ಭಾರವಾದ ಬೀಗದ ಕೈಯನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿಯಬೇಕು. ಕೆಳಗೆ ತಟ್ಟೆ ಬೋರಲು. ನಿದ್ದೆ ಹತ್ತಿದ ಕೂಡಲೇ ಬೆರಳು ಸಡಿಲ, ಠಣ್! ನಾನು ಮೊದಲು ಚಮಚದಲ್ಲಿ ಮಾಡಿದೆ. ಹಗುರ, ಬೀಳಲೇ ಇಲ್ಲ. ಆಮೇಲೆ ಊರಿನ ಅಟ್ಟದ ಕಬ್ಬಿಣದ ಬೀಗದ ಕೈ ತಂದೆ. ಮೊದಲ ದಿನವೇ ಅಡುಗೆಮನೆಯಿಂದ ಅಮ್ಮ ಓಡಿ ಬಂದಳು, "ಏನೇ ಅದು, ಬೆಕ್ಕು ಬಂತಾ?"

ನಾಲ್ಕನೇ ದಿನ ಸಿಕ್ಕಿದ್ದು ಇದು: ಬಸ್ ಕಂಡಕ್ಟರ್ ಟಿಕೆಟ್ ಬದಲು ವೀಳ್ಯದೆಲೆ ಹರಿದು ಕೊಡುತ್ತಿದ್ದಾನೆ; ಎಲೆಯ ನರಗಳೆಲ್ಲ ನಮ್ಮೂರಿನ ಓಣಿಗಳು. ಕಣ್ಣು ಬಿಡುವ ಮೊದಲೇ ಫೋನಿಗೆ ಹೇಳಿಟ್ಟೆ. ಕಣ್ಣು ಬಿಟ್ಟರೆ ಅರ್ಧ ಹೋಯಿತು ಅಂತಲೇ ಲೆಕ್ಕ. ಒಂದು ವಾರಕ್ಕೆ ಐದು ಚಿತ್ರವಾಯಿತು.

2021ರಲ್ಲಿ ಪ್ಯಾರಿಸ್ಸಿನ ಸಂಶೋಧಕರೂ ಇದನ್ನು ಪರೀಕ್ಷೆ ಮಾಡಿದ್ದಾರೆ. ಒಳಗೆ ಸುಲಭದ ದಾರಿ ಅಡಗಿದ್ದ ಲೆಕ್ಕ ಕೊಟ್ಟು, ನಡುವೆ ಜನರನ್ನು ಮಲಗಲು ಬಿಟ್ಟರು. ಹಗುರ ನಿದ್ದೆಯಲ್ಲಿ 15 ಸೆಕೆಂಡಾದರೂ ಇದ್ದವರಲ್ಲಿ ಶೇ. 83ರಷ್ಟು ಮಂದಿಗೆ ಆ ದಾರಿ ಹೊಳೆಯಿತು. ಎಚ್ಚರವಿದ್ದವರಲ್ಲಿ ಶೇ. 30. ಇನ್ನೂ ಆಳಕ್ಕೆ ಇಳಿದವರಲ್ಲಿ ಬರೀ ಶೇ. 14! ಅಂದರೆ ಸರಿಯಾದ ಹೊತ್ತಿಗೆ ಏಳಿಸುವುದೇ ಮುಖ್ಯ, ಅಲ್ವಾ?

ಅಜ್ಜಿ ಚಿಕ್ಕಂದಿನಲ್ಲಿ ಕೈಕಾಲು ತೊಳೆಸಿ, 'ರಾಮಸ್ಕಂದಂ ಹನೂಮಂತಂ' ಹೇಳಿಸಿ ಮಲಗಿಸುತ್ತಿದ್ದಳು, ಕೆಟ್ಟ ಕನಸು ಬೀಳದಿರಲಿ ಅಂತ. ನನ್ನದೀಗ ತಿರುವುಮುರುವು ಪೂಜೆ. ಊಟವಾದ ಮೇಲೆ ಅದೇ ಕುರ್ಚಿ, ಅದೇ ತಟ್ಟೆ, ಅದೇ ಬೀಗದ ಕೈ. ಒಂದು ದಿನ ಸುಮ್ನೆ ಆ ಶ್ಲೋಕ ಹೇಳಿಕೊಂಡು ಕೂತೆ. ಬೀಗದ ಕೈ ಬಿದ್ದದ್ದೂ ಗೊತ್ತಾಗಲಿಲ್ಲ, ಎದ್ದಾಗ ಐದು ಗಂಟೆ.